ಊಟದ ಮೇಜಿನ ಇಟಾಲಿಯನ್

ಮಗಳು ಓದಲು ಇಟಲಿಗೆ ಹೊರಡುವ ಮುಂಚೆ, ಮಲೇಷ್ಯಾದ ಮೆಲಾಕಾದಲ್ಲಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ನಾನು ಇಟಾಲಿಯನ್ ಕ್ರಿಯಾಪದಗಳನ್ನು ಚಮಚದಿಂದ ಕುಟ್ಟುತ್ತಿದ್ದೆ. ಆ ಭಾಷೆ ನನಗೆ ಬಾರದು. ಚಿಕ್ಕಂದಿನಲ್ಲಿ ಉಡುಪಿಯಲ್ಲಿ ಒಂದಿಷ್ಟು ಮದ್ದಳೆ ಕಲಿತು, ಅರ್ಧಕ್ಕೇ ಬಿಟ್ಟವನು. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಹಾಗೆ ತಾಳದ ಮಾತು ಬಂದರೆ ನನಗೆ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ನಾನು ಮಾಡುವ ಪಾಠಕ್ಕಿಂತ ಹೆಚ್ಚು ಗತ್ತು.

ಅವಳ ತೊಡಕೆಲ್ಲ ಒತ್ತಿನದು, ಶಬ್ದದಲ್ಲಿ ಯಾವ ಭಾಗವನ್ನು ಒತ್ತಿ ನುಡಿಯಬೇಕು ಎಂಬುದು. 'ಪಾರ್-ಲ್ಯಾ-ಮೊ', ನಾವು ಮಾತಾಡುತ್ತೇವೆ, ಒತ್ತು ನಡುವಿಗೆ. 'ಪಾರ್-ಲ-ನೊ', ಅವರು ಮಾತಾಡುತ್ತಾರೆ, ಒತ್ತು ಮೊದಲಿಗೇ. ಅವಳು ಎರಡಕ್ಕೂ ನಡುವೆಯೇ ಒತ್ತುತ್ತಿದ್ದಳು. ನಾನು ಅವಳ ಪುಸ್ತಕದಲ್ಲಿನ ಗುರುತು ನೋಡಿ ಶಬ್ದವನ್ನು ತುಂಡು ಮಾಡಿ, ಒತ್ತು ಬೀಳುವ ಕಡೆ ಜೋರಾಗಿ ಕುಟ್ಟುತ್ತಿದ್ದೆ.

"ಇಬ್ರೂ ಸೇರಿ ಮೇಜು ಮುರೀರಿ ಇನ್ನು!" ಎಂದು ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು.

ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾ ಬೆಳೆದ ಮಗಳು ಅವಳು. ನಾವಿಬ್ಬರೂ ಮನಸಾರೆ ಒಟ್ಟಿಗೆ ಮಾಡಿದ ಕೆಲಸ ಅಂತಿದ್ದರೆ ಇದೊಂದೇ. ಅವಳು ಹೋದ ಮೇಲೆ ಆ ಸದ್ದಿಗಾಗಿ ನನಗೆ ಎಷ್ಟು ಹಂಬಲವಾಯಿತೆಂದರೆ, ಒಬ್ಬನೇ ಊಟಕ್ಕೆ ಕೂತಾಗ ಕೈ ತಾನಾಗಿ ಕುಟ್ಟತೊಡಗುತ್ತಿತ್ತು.

ಭಾನುವಾರ ಸಂಜೆ ವಿಡಿಯೋ ಕಾಲ್ ಮಾಡುತ್ತಾಳೆ. "ಊಟ ಆಯ್ತಾ?" ಅಂದರೆ "ಡನ್, ಅಪ್ಪ." ಅಷ್ಟೇ.

ಮೊನ್ನೆ ಮಾತಿನ ನಡುವೆ ಅವಳ ಕೋಣೆಗೆ ಗೆಳತಿಯೊಬ್ಬಳು ಬಂದಳು. ಮಗಳು ಅತ್ತ ತಿರುಗಿ ಇಟಾಲಿಯನ್ನಿನಲ್ಲಿ ಮಾತಿಗಿಳಿದಳು. ನಾನು ಗಡಿಬಿಡಿಯಲ್ಲಿ ಚಮಚ ಎತ್ತಿಕೊಂಡೆ. ಒತ್ತು ಎಲ್ಲಿ ಬೀಳುತ್ತದೆಂದು ತಿಳಿಯುವ ಮೊದಲೇ ಮಾತು ಮುಗಿದು, ಇಬ್ಬರೂ ನಕ್ಕು, ಗೆಳತಿ ಹೋಗಿಯೂ ಆಯಿತು.

"ಈಗ ಯಾರು ತಾಳ ಹಾಕ್ತಾರೆ ಮಾರಾಯ್ತಿ ನಿಂಗೆ?"

"ನೋ ನೀಡ್ ಲಾ, ಅಪ್ಪ. ಇಟ್ ಜಸ್ಟ್ ಕಮ್ಸ್," ಎಂದಳು, ಮಲೇಷ್ಯಾದವರ 'ಲಾ' ಸೇರಿಸಿ.

ಹೆಮ್ಮೆಯಾಯಿತು, ಸುಳ್ಳೇಕೆ. ಅದಕ್ಕಿಂತ ಹೆಚ್ಚು ಸಂಕಟವಾಯಿತು. ಇನ್ನು ನನ್ನಿಂದ ಅವಳಿಗೆ ಆಗಬೇಕಾದ್ದು ಏನೂ ಇಲ್ಲ ಅನ್ನಿಸಿತು. ಚಮಚ ಮೇಜಿನ ಮೇಲಿಟ್ಟೆ. ಟಣ್ ಎಂದಿತು.

ಅವಳು ಪರದೆಯ ಹತ್ತಿರ ಬಂದಳು.

"ಅಪ್ಪ, ಕುಟ್ಟು."

"ಯಾವ ಶಬ್ದ?"

"ಯಾವ್ದೂ ಬೇಡ. ಸುಮ್ನೆ ಕುಟ್ಟು."

ಕುಟ್ಟಿದೆ. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು. ಪರದೆಯ ತುಂಬ ಅವಳ ಕೂದಲು. ಮುಖ ಕಾಣಲಿಲ್ಲ, ಆದರೂ ನಾನು ನಿಲ್ಲಿಸಲಿಲ್ಲ.