ದುರಗಪ್ಪ ಮಾವನ ಹಿತ್ತಲ ಗಿರಣಿ

ನಮ್ಮ ಮನೆಯಲ್ಲಿ ಹುಂಜಕ್ಕಿಂತ ಮೊದಲು ಮಾವ ಕೂಗುತ್ತಿದ್ದ. ಬೆಳಕು ಹರಿಯುವ ಮುಂಚೆ ಹಿತ್ತಲ ಬಾಗಿಲಲ್ಲಿ ನಿಂತು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, "ಭೋಂ" ಎಂದು ಉಸಿರು ಮುಗಿಯುವವರೆಗೆ ಎಳೆಯುತ್ತಿದ್ದ. ಅದು ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಆಳುಗಳನ್ನು ಕೆಲಸಕ್ಕೆ ಕರೆಯುವ ಭೋಂಗಾದ ನಕಲು. ಯಲಬುರ್ಗಾದ ನಮ್ಮ ಓಣಿಯ ನಾಯಿಗಳು ಕೆಲವು ದಿನ ಬೊಗಳಿ, ರೂಢಿಯಾದ ಮೇಲೆ ಸುಮ್ಮನಾದವು. ಹುಂಜ ಮಾತ್ರ ಆ ಅವಮಾನ ಮರೆಯಲಿಲ್ಲ. ಮಾವನ ಹಿಮ್ಮಡಿ ಕಂಡಲ್ಲೆಲ್ಲ ಕುಕ್ಕುತ್ತಿತ್ತು.

ದುರಗಪ್ಪ ನಮ್ಮ ಅವ್ವನ ತಮ್ಮ. ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನೆಂದು ಆ ಹೆಸರು. ಮೀಸೆ ಮೂಡುವ ಮೊದಲೇ ಸೊಲ್ಲಾಪುರಕ್ಕೆ ಹೋಗಿ ಗಿರಣಿ ಸೇರಿದವನು ಮದುವೆಯ ಗೋಜಿಗೂ ಹೋಗದೆ ಅಲ್ಲೇ ಉಳಿದುಬಿಟ್ಟಿದ್ದ. ಹತ್ತಿಯ ಧೂಳು ಎದೆಗಿಳಿದು ಕೆಮ್ಮು ಹಿಡಿದಾಗ ಒಂದು ತಗಡಿನ ಪೆಟ್ಟಿಗೆ ಹೊತ್ತು, ತಲೆಗೆ ಕೆಂಪು ಪಟಗ ಸುತ್ತಿಕೊಂಡು ನಮ್ಮ ಮನೆಗೆ ಬಂದ. ಅಪ್ಪ ತೀರಿಕೊಂಡು ಆಗಲೇ ಬಹಳ ದಿನಗಳಾಗಿದ್ದವು. ಅವ್ವ ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಇದ್ದವಳು ನಾನೊಬ್ಬಳೇ ಮಗಳು. ಎರಡನೇ ಮಹಾಯುದ್ಧ ಶುರುವಾಗಿ ಪೇಟೆಯಲ್ಲಿ ಒಂದೊಂದೇ ಸಾಮಾನು ಮಾಯವಾಗುತ್ತಿದ್ದ ಕಾಲ. ಬಂದ ಮರುದಿನವೇ ಮಾವ ಖಾಲಿ ಹಿತ್ತಲಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ.

"ಅಕ್ಕ, ಇನ್ನ ಮ್ಯಾಲೆ ಪ್ಯಾಟಿಯಿಂದ ಉಪ್ಪು, ಕಡ್ಡಿಪೆಟಗಿ ಎರಡ ಬರೂದು. ಉಳಿದದ್ದೆಲ್ಲಾ ಈ ಹಿತ್ತಲದಾಗ ತಯಾರ ಆಗಬೇಕು."

"ನೀ ಎಂದರ ಸಸಿ ಹಚ್ಚೀಯೇನೋ?" ಅವ್ವ ಕೇಳಿದಳು.

"ಇಲ್ಲ."

"ಕೋಳಿ ಸಾಕೀಯೇನು?"

"ತಿಂದೀನಿ."

ಅಷ್ಟು ಅನುಭವದ ಮೇಲೆ ಕೆಲಸ ಶುರುವಾಯಿತು. ಮಾವ ಬದನೆ ಸಸಿಗಳನ್ನು ನೂಲಿನ ಎಳೆಗಳಂತೆ ಒತ್ತೊತ್ತಾಗಿ ನೆಟ್ಟ. ಸಾಲು ದಾರ ಹಿಡಿದಷ್ಟು ನೆಟ್ಟಗಿತ್ತು, ಆದರೆ ಸಸಿಗೂ ಸಸಿಗೂ ನಡುವೆ ಬೆರಳು ತೂರಿಸಲು ಜಾಗವಿರಲಿಲ್ಲ. ಹೀಗಾದರೆ ಕಾಯಿ ಹಿಡಿಯುವುದಿಲ್ಲ ಎಂದು ಅವ್ವ ಹೇಳಿ ನೋಡಿದಳು. "ಜಾಗಾ ಖಾಲಿ ಬಿಟ್ರ ಮಾಲಕರಿಗೆ ಲುಕ್ಸಾನ" ಎಂದ. ನಮ್ಮ ಮನೆಗೆ ಮಾಲಕರು ಯಾರೆಂದು ನಮಗೆ ಗೊತ್ತಾಗಲಿಲ್ಲ. ಅವನು ಬಾವಿಗೆ ನೀರು ತರಲು ಹೋದಾಗಲೆಲ್ಲ ಅವ್ವ ಒಂದಿಷ್ಟು ಸಸಿ ಕಿತ್ತು ತಿಪ್ಪೆಗೆ ಎಸೆಯುತ್ತಿದ್ದಳು. ಸಾಲು ತೆಳುವಾಗುತ್ತಿದ್ದುದನ್ನು ಕಂಡ ಮಾವ ಕೋಳಿಗಳ ಮೇಲೆ ಸಂಶಯಪಟ್ಟು, ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ವಿಚಾರಣೆ ನಡೆಸಿದ. "ಖರೇ ಹೇಳ್ರಿ. ಹಸಿವಾಗಿದ್ರ ನನ್ನ ಕೇಳಬೇಕಿತ್ತು." ಅವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು. ಆ ವರ್ಷ ಬದನೆ ಓಣಿಗೆಲ್ಲ ಹಂಚುವಷ್ಟು ಬಿಟ್ಟಿತು. "ನೋಡಿದಿ? ಒತ್ತಿ ಹಚ್ಚಬೇಕು" ಎಂದ ಮಾವ.

ಕೋಳಿಯನ್ನು ಕಾವಿಗೆ ಕೂಡಿಸಿದ ಕತೆಯೂ ಹೀಗೆಯೇ. ತತ್ತಿಗಳನ್ನು ಬೇವೂರಿನಿಂದ ಚಕ್ಕಡಿಯಲ್ಲಿ ತಂದಿದ್ದ. ಆ ಕಲ್ಲುದಾರಿಯಲ್ಲಿ ಅವು ಎಷ್ಟು ಕುಲುಕಿದ್ದವೋ, ಮರಿ ಒಡೆಯುವ ದಿನ ಬಂದು ಹೋದರೂ ಒಂದೂ ಮಿಸುಕಲಿಲ್ಲ.

"ಕೆಟ್ಟಾವು, ಏಳ್ಸೋ ಅದನ್ನ. ಸೊರಗಿ ಹೋಗೈತಿ" ಎಂದಳು ಅವ್ವ.

"ಹೊಸಾಕಿ ಅದಾಳ ಅಕ್ಕ. ಕೆಲಸಾ ಕಲಿಯೂತನಕ ಸ್ವಲ್ಪ ತಡಕೋಬೇಕು."

ಒಂದು ಮಧ್ಯಾಹ್ನ ಒಂದು ತತ್ತಿ ಢಬ್ಬೆಂದು ಒಡೆದು, ಆ ನಾತಕ್ಕೆ ನಾವು ಊಟದ ತಾಟು ಹಿಡಿದುಕೊಂಡು ಬೀದಿಗೆ ಬಂದೆವು. ಕೋಳಿಯೂ ನಮ್ಮ ಹಿಂದೆಯೇ ಬಂತು. ಮಾವ ಎಲ್ಲರಿಗಿಂತ ಮುಂದಿದ್ದ. ಆಮೇಲೆ ಅವ್ವ ಪಕ್ಕದ ಮನೆಯಿಂದ ಬೇರೆ ತತ್ತಿ ತಂದಿಟ್ಟಳು, ಮರಿಗಳಾದವು. ಅವುಗಳಲ್ಲೊಂದು ಬಡಕಲು ಮರಿ ಮಾವ ಬಿಚ್ಚಿಟ್ಟಿದ್ದ ಪಟಗದ ಸುರುಳಿಯಲ್ಲಿ ಮಲಗುವುದನ್ನು ಕಲಿತಿತು. ಅದು ನಿದ್ದೆಗೆ ಹೋದರೆ ಮಾವ ಏಳಿಸುತ್ತಿರಲಿಲ್ಲ. ಬೇಸಿಗೆಯ ಬಿಸಿಲಲ್ಲಿ ಬರಿತಲೆಯಲ್ಲೇ ಪಾತಿ ಕೆದರುತ್ತಿದ್ದ.

ನನಗೆ ಕುಷ್ಟಗಿಯ ಗಂಡು ಗೊತ್ತಾದಾಗ ಬಟ್ಟೆಗೆ ಕಂಟ್ರೋಲ್ ಬಂದು, ರೇಷನ್ನಿನ ಮೇಲಷ್ಟೇ ಸಿಗುತ್ತಿತ್ತು. ಮದುವೆಯ ಸೀರೆಗೆಂದು ಅವ್ವ ಕೊಪ್ಪಳದವರೆಗೆ ಹೋಗಿ ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕುಸಿದು ಕೂತಳು. ತಂದೆಯಿಲ್ಲದ ಹುಡುಗಿಯನ್ನು ಹಳೇ ಸೀರೆಯಲ್ಲಿ ಧಾರೆ ಎರೆದರೆ ಗಂಡಿನವರು ಏನಂದಾರು ಎಂಬ ಹೆದರಿಕೆ ಅವಳದು. ಸಂಬಂಧ ಮುರಿದರೂ ಮುರಿದೀತು ಎಂದು ಅಳತೊಡಗಿದಳು.

ಮಾವ ಅವಳ ಪಕ್ಕ ಕೂತ. "ಅರ್ಧ ಜಲ್ಮ ಊರವರಿಗೆಲ್ಲಾ ಅರಬಿ ನೇಯ್ದೀನಿ. ನಮ್ಮ ಗಂಗೀಗೆ ಒಂದ ಸೀರಿ ಆಗೂದಿಲ್ಲೇನು?"

ಬೇಲಿಗುಂಟ ಮಾವ ನೆಟ್ಟಿದ್ದ ಹತ್ತಿಗಿಡಗಳಿದ್ದವು. ಅವ್ವ ಮತ್ತು ನಾನು ಬೀಜ ಬಿಡಿಸಿ, ರಾಟೆಯಲ್ಲಿ ನೂತೆವು. ನನ್ನ ನೂಲು ಒಂದು ಕಡೆ ಕೂದಲು, ಇನ್ನೊಂದು ಕಡೆ ಹಗ್ಗ. ದಾಳಿಂಬೆ ಸಿಪ್ಪೆ ಕುದಿಸಿ ಬಣ್ಣ ಹಾಕಿದೆವು. ಮಾವ ಹಳದಿ ಬರುತ್ತದೆಂದಿದ್ದ, ಕೆಸರಿನ ಬಣ್ಣ ಬಂತು. ಮೂಲೆಗೆ ಬಿದ್ದಿದ್ದ ಯಾರದೋ ಕೈಮಗ್ಗ ಕೇಳಿ ತಂದು ಹಿತ್ತಲಿನಲ್ಲಿ ಕುಣಿ ತೋಡಿ ಹೂಡಿದ. ಗಿರಣಿಯಲ್ಲಿ ಮಗ್ಗ ತಾನೇ ಓಡುತ್ತಿತ್ತು, ಕಡಿದ ಎಳೆ ಕೂಡಿಸುವುದಷ್ಟೇ ಅವನ ಕೆಲಸವಾಗಿತ್ತು ಎಂಬುದು ಆಗ ನಮಗೆ ತಿಳಿಯಿತು. "ಕೈ ನೆನಪಾದರ ಕಾಲು ಮರೀತೈತಿ" ಎಂದು ಮಗ್ಗದ ಹಲಗೆ ತುಳಿಯುವ ತನ್ನ ಕಾಲನ್ನೇ ಬೈದುಕೊಳ್ಳುತ್ತಿದ್ದ. ಕೆಮ್ಮು ಬಂದರೆ ಲಾಳಿ ಕೆಳಗಿಟ್ಟು, ಎದೆ ಒತ್ತಿ ಹಿಡಿದು, ಅದು ಹೋದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದ. ಬಿಡು ಎಂದು ನಾನೂ ಅವ್ವನೂ ಎಷ್ಟು ಹೇಳಿದರೂ ಕೇಳಲಿಲ್ಲ.

ಸೀರೆ ಆಯಿತು, ಆದರೆ ಸೆರಗಿನ ಹೊತ್ತಿಗೆ ನೂಲು ತೀರಿತ್ತು. ಮದುವೆ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಮಾವ ಪಟಗವನ್ನು ಕತ್ತರಿಸಿ ಸೀರೆಯ ತುದಿಗೆ ಹೊಲಿಯುತ್ತಿದ್ದ. ಅದು ಅವನ ಬಳಿ ಇದ್ದ ಒಂದೇ ಛಲೋ ಬಟ್ಟೆ.

ಮದುವೆಯ ದಿನ ಗಂಡಿನ ಕಡೆಯ ಹೆಂಗಸರು ಸುತ್ತುವರಿದು ನೋಡಿದರು. ನನಗೆ ನಿಂತ ನೆಲ ಕುಸಿಯಬಾರದೇ ಅನ್ನಿಸಿತು. ನನ್ನ ಅತ್ತೆಯಾಗುವವರು ಸೆರಗಿನ ತುದಿ ಹಿಡಿದು ಕೇಳಿದರು: "ಸೀರಿ ಒಂದ ಊರಿಂದು, ಸೆರಗು ಇನ್ನೊಂದ ಊರಿಂದೇನ್ರಿ?"

ಮಾವ ಬರಿತಲೆಯಲ್ಲಿ ಮುಂದೆ ಬಂದು ಕೈಮುಗಿದ. "ಹೌದ್ರಿ ಯವ್ವಾ. ಸೀರಿ ಯಲಬುರ್ಗಾದ್ದು, ಸೆರಗು ಸೊಲ್ಲಾಪುರದ್ದು. ನಮ್ಮ ಹುಡುಗಿನೂ ಇಲ್ಲಿಯಾಕಿ, ಇನ್ನ ಮ್ಯಾಲೆ ನಿಮ್ಮಲ್ಲಿಯಾಕಿ. ಹೊಲಿಗಿ ಮಾತ್ರ ಗಟ್ಟಿ ಹಾಕೀನ್ರಿ."

ಅತ್ತೆ ಹೊಲಿಗೆಯನ್ನು ಎಳೆದು ನೋಡಿದರು. ಬಿಚ್ಚಲಿಲ್ಲ. ಮೊದಲು ಅವರು ನಕ್ಕರು, ಆಮೇಲೆ ಉಳಿದವರು. ಸೀರೆಯೇನೋ ಕಂಬಳಿಯಷ್ಟು ದಪ್ಪಗಿತ್ತು. ಅಕ್ಷತೆ ಬೀಳುವ ಹೊತ್ತಿಗೆ ನಾನು ಬೆವರಿನಲ್ಲಿ ತೊಯ್ದಿದ್ದೆ. ಅಳುತ್ತಿದ್ದೇನೆಂದು ತಿಳಿದು ಎಲ್ಲರೂ ಸಮಾಧಾನ ಮಾಡಿದರು.

ಮಾವ ಕುಷ್ಟಗಿಗೆ ಬಂದದ್ದು ಒಂದೇ ಸಲ. ನೀರು ಕುಡಿಯುವ ಮೊದಲೇ ಹಿತ್ತಲಿಗೆ ಹೋಗಿ ನೋಡಿದ. "ಇಷ್ಟು ಜಾಗಾ ಖಾಲಿ ಬಿಟ್ಟೀಯಲ್ಲ ಗಂಗೀ" ಎಂದು ಹಾರೆ ಕೇಳಿ, ಬಚ್ಚಲ ನೀರು ಹರಿಯುವಲ್ಲಿ ಅಗೆಯತೊಡಗಿದ. ನಾಲ್ಕು ಏಟು ಹಾಕುವಷ್ಟರಲ್ಲಿ ಉಸಿರು ಕಟ್ಟಿತು. ನಾನು ಹಾರೆ ಕಸಿದುಕೊಂಡೆ. ಅವನು ಬಿಟ್ಟುಕೊಟ್ಟ. ಒಗೆಯುವ ಕಲ್ಲಿನ ಮೇಲೆ ಕೂತು ನಾನು ಅಗೆಯುವುದನ್ನು ನೋಡುತ್ತಿದ್ದ. ಬೆನ್ನ ಹಿಂದೆ ಅವನ ಎದೆಯ ಸುಯ್ಯೆನ್ನುವ ಸದ್ದು ಕೇಳುತ್ತಿತ್ತು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಚೀಲದಿಂದ ಒಂದು ನುಗ್ಗೆಯ ಕೊಂಬೆ ತೆಗೆದುಕೊಟ್ಟ, ನೆಟ್ಟೆ.

"ಇಲ್ಲೇ ಇರು ಮಾವಾ, ಔಷಧ ಕೊಡಸ್ತೀವಿ."

"ಅಕ್ಕ ಒಬ್ಬಾಕಿನ ಅದಾಳ. ಕಾಯಿ ಬಿಟ್ಟಾಗ ಬರ್ತೀನಿ, ಸಾರು ಮಾಡಿ ಹಾಕು" ಎಂದು ಸಂಜೆಯ ಚಕ್ಕಡಿ ಹತ್ತಿದ.

ನುಗ್ಗೆ ಮರುವರ್ಷವೇ ಕಾಯಿ ಬಿಟ್ಟಿತು. ಮಾವ ಅದಕ್ಕೆ ಮುಂಚಿನ ಚಳಿಗಾಲದಲ್ಲೇ ತೀರಿಕೊಂಡಿದ್ದ. ಅವ್ವ ಬಂದಾಗ ಮೊದಲ ಕಾಯಿ ಕಿತ್ತು ಸಾರು ಮಾಡಿದೆ. ಅವಳು ಒಂದು ಹೋಳು ಸೀಪಿ ಮುಖ ಕಿವುಚಿದಳು.

"ಕಹಿ ಐತಿ. ಅವ ಕೊಟ್ಟದ್ದಲ್ಲೇನು, ಹೆಂಗ ಸಿಹಿ ಆದೀತು" ಎಂದಳು. ಕಣ್ಣೊರೆಸಿಕೊಂಡು ತಾಟು ಮುಂದೆ ಮಾಡಿದಳು.

"ಇನ್ನೊಂದೀಟು ಹಾಕು."