ಈರಕ್ಕನ ಕೊಬ್ಬರಿ ಕೋಣೆ

ಕಡೂರಿನ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಈರಕ್ಕನ ಮನೆ. ಪಂಚನಹಳ್ಳಿಯ ತೆಂಗಿನ ತೋಟದ ದುಡಿಮೆಯಲ್ಲಿ ಗಂಡ ಅಜ್ಜಯ್ಯ ಕಟ್ಟಿಸಿದ್ದು. ಮಹಡಿ ಬಾಡಿಗೆಗೆ, ಕೆಳಗಡೆ ತಮಗೆ. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವ ಮುಚ್ಚಿದ ಓಣಿಯಲ್ಲಿ ಕೊಬ್ಬರಿ ಕೂಡಿಡಲು ಒಂದು ಕೋಣೆ. ಇಲಿ ಹೆಗ್ಗಣ ನುಗ್ಗಬಾರದೆಂದು ಅದಕ್ಕೆ ಕಿಟಕಿಯನ್ನೇ ಇಡಿಸಿರಲಿಲ್ಲ. ಪುರಸಭೆಗೆ ಕೊಟ್ಟ ನಕ್ಷೆಯಲ್ಲೂ ಅದು ಸಾಮಾನು ಕೋಣೆ.

ಅವರಿಗೆ ಮಕ್ಕಳಾಗಲಿಲ್ಲ. ಅಜ್ಜಯ್ಯ ತೀರಿಕೊಂಡ ಮೇಲೆ ತೋಟ ನೋಡಿಕೊಂಡ ಮೈದುನನ ಮಕ್ಕಳು ಕಾಯನ್ನು ಅಲ್ಲಿಂದಲೇ ವ್ಯಾಪಾರಿಗೆ ಕೊಟ್ಟುಬಿಡತೊಡಗಿದರು. ಕೋಣೆ ಖಾಲಿ ಬಿತ್ತು. ಈರಕ್ಕ ಬೆಳಿಗ್ಗೆ ಮುದ್ದೆ ತೊಳಸಿದರೆ ರಾತ್ರಿಗೂ ಅದೇ. ಮಹಡಿಯಲ್ಲಿದ್ದ ಗೊಬ್ಬರದಂಗಡಿಯ ಹೊನ್ನೇಶನ ಸಂಸಾರಕ್ಕೆ ಹೊರಗಿನಿಂದಲೇ ಮೆಟ್ಟಿಲು; ಕಂಡರೆ ನಕ್ಕು ಹತ್ತಿಹೋಗುತ್ತಿದ್ದರು. ಹಾಲಿನವನಿಗೆ ‘ಅರ್ಧ ಲೀಟ್ರು ಸಾಕಪ್ಪಾ’ ಎಂದದ್ದು ಬಿಟ್ಟರೆ ಇಡೀ ದಿನ ಬಾಯಿ ತೆರೆಯದೆ ಕಳೆದ ದಿನಗಳೂ ಇದ್ದವು.

ಹೀಗಿರುವಾಗ ಅಕ್ಷತಾ ಬಂದಳು. ಲಕ್ಕವಳ್ಳಿಯ ಹುಡುಗಿ, ರಕ್ತಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಹೊನ್ನೇಶನ ಹೆಂಡತಿ ಕರೆದುಕೊಂಡು ಬಂದು ಆ ಖಾಲಿ ಕೋಣೆ ತೋರಿಸಿದಳು.

“ಅದು ಮನುಷ್ರು ಮಲಗೋ ಕೋಣೆ ಅಲ್ಲ ಕಣವ್ವ. ಕೊಬ್ರಿಗೆ ಅಂತ ಕಟ್ಸಿದ್ದು. ಗಾಳಿ ಆಡಲ್ಲ,” ಎಂದಳು ಈರಕ್ಕ.

“ಹಗಲೆಲ್ಲಾ ಲ್ಯಾಬಲ್ಲಿ ಇರ್ತೀನಿ ಆಂಟಿ. ಒಂದು ಮಂಚ ಹಿಡಿಸಿದ್ರೆ ಸಾಕು. ಬೇರೆ ಕಡೆ ಕೇಳೋ ಬಾಡಿಗೆ ನನ್ ಕೈಲಾಗಲ್ಲ.”

ಬಾಡಿಗೆಯ ಆಸೆ ಈರಕ್ಕನಿಗಿರಲಿಲ್ಲ. ಓಣಿಯಲ್ಲಿ ಇನ್ನೊಬ್ಬರ ಚಪ್ಪಲಿ ಇರುತ್ತದಲ್ಲ ಎನಿಸಿತು. “ಆಂಟಿ ಗೀಂಟಿ ಬ್ಯಾಡ. ಈರಕ್ಕ ಅನ್ನು,” ಎಂದು ಬೀಗದ ಕೈ ಕೊಟ್ಟಳು.

ಮನೆಗೆ ಸದ್ದು ಬಂತು. ಹುಡುಗಿ ಹಲ್ಲುಜ್ಜುತ್ತಲೇ ಫೋನಿನಲ್ಲಿ ಅಪ್ಪನ ಜೊತೆ ಜಗಳವಾಡುತ್ತಿದ್ದಳು, ಸ್ನಾನ ಮಾಡುತ್ತಾ ಹಾಡುತ್ತಿದ್ದಳು, ಸೂಜಿ ಕಂಡು ಓಡಿಹೋದ ಪೈಲ್ವಾನನ ಕಥೆಯನ್ನು ನಟಿಸಿ ತೋರಿಸುತ್ತಿದ್ದಳು. ಈರಕ್ಕ ಸಂಜೆಯೂ ಒಲೆ ಹಚ್ಚುವುದನ್ನು ರೂಢಿ ಮಾಡಿಕೊಂಡಳು. ಬಸ್ಸಾರು ಮಾಡಿದ ದಿನ ಹುಡುಗಿ ತಟ್ಟೆ ಹಿಡಿದು ಅಡುಗೆಮನೆಯ ನೆಲದ ಮೇಲೇ ಕೂರುತ್ತಿದ್ದಳು. “ರಾತ್ರಿ ಬಾಗ್ಲು ಓರೆ ಮಾಡ್ಕಂಡು ಮಲ್ಗು, ಚಿಲ್ಕ ಹಾಕ್ಬ್ಯಾಡ,” ಎಂದು ಈರಕ್ಕ ಹೇಳಿದ್ದಳು. ಹುಡುಗಿಯೂ ಹಾಗೇ ಮಾಡುತ್ತಿದ್ದಳು.

ಆಷಾಢದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಲ್ಯಾಬಿಗೆ ಹಾಕುವ ಬಿಳಿ ಕೋಟು ಒಣಗದೆ ಮುಗ್ಗಲು ನಾತ ಹೊಡೆಯುತ್ತಿತ್ತು. ಒಂದು ಸಂಜೆ ಈರಕ್ಕ ಹಂಡೆ ಒಲೆಯ ಕೆಂಡವನ್ನು ಹಳೆಯ ಕಬ್ಬಿಣದ ಬಾಂಡ್ಲಿಗೆ ತೋಡಿ, ತಾನೇ ಒಯ್ದು ಕೋಣೆಯಲ್ಲಿಟ್ಟಳು. “ಬೆಚ್ಚಗಾಗ್ತದೆ, ಕೋಟೂ ಒಣಗ್ತದೆ,” ಎಂದಳು. ಹೊಗೆ ಇರಲಿಲ್ಲ. ಹುಡುಗಿ ಕೈ ಕಾಯಿಸಿಕೊಂಡು ನಕ್ಕಳು. ಬಚ್ಚಲ ಕಡೆಯಿಂದ ಓಣಿಗೆ ಚಳಿ ನುಗ್ಗುತ್ತಿದ್ದರಿಂದ ಅಂದು ಬಾಗಿಲು ಮುಚ್ಚಿ ಚಿಲಕ ಹಾಕಿಕೊಂಡಳು.

ಬೆಳಿಗ್ಗೆ ಕಾಫಿ ಆರಿಹೋದರೂ ಹುಡುಗಿ ಬರಲಿಲ್ಲ. ಈರಕ್ಕ ಬಾಗಿಲು ತಟ್ಟಿದಳು, ಕೂಗಿದಳು. ಒಳಗೆ ಫೋನು ಬಡಿದುಕೊಂಡು ಬಡಿದುಕೊಂಡು ನಿಂತಿತು. “ಹೊನ್ನೇಶಾ, ಬಾರೋ ಬೇಗ!” ಎಂದು ಮೆಟ್ಟಿಲ ಬುಡದಲ್ಲಿ ನಿಂತು ಅರಚಿದಳು. ಹೊನ್ನೇಶ ಹಾರೆ ತಂದು ಚಿಲಕ ಮೀಟಿದ. ಅಕ್ಷತಾ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ಬಿದ್ದಿದ್ದಳು. ಎದ್ದು ಬರಲು ನೋಡಿ ಆಗದೆ ಕುಸಿದಿದ್ದಳು. ಉಸಿರಿತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. “ಕೆಂಡದ ಗಾಳಿ ಕಣಮ್ಮ, ವಾಸನೇನೂ ಬರಲ್ಲ, ಕಣ್ಣಿಗೂ ಕಾಣಲ್ಲ. ಕಿಟಕಿ ಇರ್ಲಿಲ್ವಾ?” ಎಂದು ಡಾಕ್ಟರು ಕೇಳಿದರು. ಈರಕ್ಕ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಸಂಜೆ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟು ಮಾತಾಡಿದಳು. ಜೀವಕ್ಕೆ ಭಯವಿಲ್ಲ ಎಂದರು.

ಸಾಮಾನು ಒಯ್ಯಲು ಅವಳ ಅಪ್ಪ ಬೀರಪ್ಪ ಬಂದ. ಲಕ್ಕವಳ್ಳಿ ಡ್ಯಾಮಿನಲ್ಲಿ ಕೆಲಸಕ್ಕಿದ್ದ, ಮೆತ್ತಗೆ ಮಾತಾಡುವ ಮನುಷ್ಯ. ಕೋಣೆಯ ನಡುವೆ ನಿಂತು ಸುತ್ತಲೂ ನೋಡಿದ. ಗೋಡೆ ಸವರಿದ.

“ಇದ್ರೊಳ್ಗೇನಾ ತಾಯಿ ನಮ್ ಮಗು ಮಲಗ್ತಿದ್ದಿದ್ದು?”

“ನಂದೇ ತಪ್ಪು ಕಣಪ್ಪ. ಕೆಂಡ ಇಟ್ಟೋಳೂ ನಾನೇ.” ಈರಕ್ಕ ತನ್ನ ರೂಮಿನ ಬಾಗಿಲು ತೆರೆದು ತೋರಿಸಿದಳು. “ನನ್ ರೂಮು ಕೊಡ್ತೀನಿ, ಎರಡು ಕಿಟ್ಕಿ ಐತೆ. ನಾನು ನಡುಮನೇಲಿ ಮಲಗ್ತೀನಿ. ಬಾಡ್ಗೆ ಬ್ಯಾಡ. ಕಳಿಸ್ಕೊಡು.”

“ನೀವು ಒಳ್ಳೇವ್ರೇ ಕಣಮ್ಮ, ಅವ್ಳೂ ಅದನ್ನೇ ಹೇಳ್ತಾಳೆ. ಆದ್ರೆ ನಂಗೆ ಊರಲ್ಲಿ ನಿದ್ದೆ ಬರ್ಬೇಕಲ್ಲ.” ಬೀರಪ್ಪ ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಈರಕ್ಕನಿಗೆ.

ವಾರ ಕಳೆದು ಅವಳೇ ಪುರಸಭೆಗೆ ಹೋಗಿ ಇಂಜಿನಿಯರನ್ನು ಕರೆತಂದಳು. ಗೋಡೆ ಒಡೆದು ಕಿಟಕಿ ಇಡಿಸಿಬಿಟ್ಟರೆ ಕೋಣೆ ಸರಿಹೋಗುತ್ತದೆ, ಹುಡುಗಿ ಬಂದರೂ ಬಂದಾಳು ಎಂಬ ಆಸೆ. ಅವನು ಒಳಗೂ ಹೊರಗೂ ಓಡಾಡಿ ನೋಡಿದ. ಒಂದು ಕಡೆ ಮಹಡಿ ಮೆಟ್ಟಿಲಿನ ಗಟ್ಟಿ ಕಟ್ಟೆ, ಒಂದು ಕಡೆ ಅಡುಗೆಮನೆ, ಬಾಗಿಲ ಕಡೆ ಮುಚ್ಚಿದ ಓಣಿ, ಹಿಂದಿನ ಗೋಡೆಗೆ ಪಕ್ಕದವರ ಗೋಡೆ ಅಂಟಿಕೊಂಡೇ ಇತ್ತು.

“ಎಲ್ಲಿ ಒಡೆದ್ರೂ ಹೊರಗಿನ ಗಾಳಿ ಸಿಗಲ್ಲಮ್ಮ. ಇದನ್ನ ಮಲಗೋ ಕೋಣೆ ಅಂತ ಕಾನೂನು ಒಪ್ಪಲ್ಲ. ಸಾಮಾನು ಇಟ್ಕೊಳ್ಳಿ, ಅಷ್ಟೇ.”

ಅದೇ ಬೀದಿಯ ಸಾಲುಮನೆಯಿಂದ ಆಗೊಮ್ಮೆ ಈಗೊಮ್ಮೆ ಜಗುಲಿಗೆ ಬಂದು ಕೂರುತ್ತಿದ್ದ ಕಾಮಾಕ್ಷಮ್ಮನಿಗೆ ಇದು ಹುಚ್ಚಾಗಿ ಕಂಡಿತು. ಅವಳಿಗೂ ಎರಡು ಬಾಡಿಗೆ ಮನೆ, ಅಂಗಡಿ ಹಿಂದೆ ಒಂದು ಗೋಡೌನು. “ನಮ್ ಗೋಡೌನಲ್ಲಿ ಗಾರೆ ಕೆಲಸ್ದ ಹುಡುಗ್ರು ಮಲಗಲ್ವೇನೇ? ಆಫೀಸಿನೋರನ್ನ ನೀನೇ ಕರ್ಕೊಂಡು ಬಂದ್ಯಲ್ಲ! ಯಾರು ಬಂದು ನೋಡ್ತಿದ್ರು?”

“ನಾನು ನೋಡಿದೀನಲ್ಲ ಕಾಮಾಕ್ಷಿ,” ಎಂದಳು ಈರಕ್ಕ. ಅಂದಿನಿಂದ ಕಾಮಾಕ್ಷಮ್ಮನೂ ಜಗುಲಿಗೆ ಬರುವುದು ಕಡಿಮೆಯಾಯಿತು.

ಕೋಣೆ ಕೇಳಿಕೊಂಡು ಜನ ಬರುತ್ತಲೇ ಇದ್ದರು. ಮೊಬೈಲ್ ಅಂಗಡಿಯ ಹುಡುಗ, ಹೋಟೆಲಿನ ಭಟ್ಟರು, ಕೈಗೂಸಿನ ಜೊತೆ ಒಬ್ಬ ಹೆಂಗಸು. ಆ ಹೆಂಗಸನ್ನು ಈರಕ್ಕ ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು. ತನ್ನ ರೂಮನ್ನೇ ಕೊಡಲು ಹೋದಳು. ಯಾರದೋ ಮನೆಯ ಒಳಗೆ ಇರಲು ಆಕೆಗೆ ಮನಸ್ಸಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಷತಾ ಬಂದಳು. ಈಗ ತರೀಕೆರೆಯಲ್ಲಿ ಕೆಲಸ, ಲೇಡೀಸ್ ಹಾಸ್ಟೆಲಿನಲ್ಲಿ ವಾಸ. ಕೆನ್ನೆ ತುಂಬಿಕೊಂಡಿತ್ತು. ಈರಕ್ಕ ಕೈ ಹಿಡಿದು ಒಳಗೆ ಕರೆದಳು. ಹುಡುಗಿ ನಡುಮನೆಯವರೆಗೆ ಬಂದು, ಓಣಿಯ ಕತ್ತಲು ಕಂಡದ್ದೇ ನಿಂತುಬಿಟ್ಟಳು.

“ಇಲ್ಲೇ ಜಗುಲೀಲಿ ಕೂರ್ತೀನಿ ಈರಕ್ಕ.”

“ಆಗ್ಲಿ ಮಗಾ. ಕೂರು, ಕೂರು.” ಕಾಫಿ ತಂದುಕೊಟ್ಟು, “ಉಂಡ್ಕಂಡು ಹೋಗು, ಬಸ್ಸಾರು ಮಾಡ್ತೀನಿ,” ಎಂದಳು.

“ಬಸ್ಸಿಗೆ ಹೊತ್ತಾಗುತ್ತೆ. ಇನ್ನೊಂದ್ಸಲ ಬರ್ತೀನಿ.” ಹುಡುಗಿ ಬಗ್ಗಿ ಈರಕ್ಕನ ಕಾಲು ಮುಟ್ಟಿ ಹೋದಳು. ಕೆಲವು ಸಲ ಫೋನು ಮಾಡಿದಳು. ಆಮೇಲೆ ಅದೂ ನಿಂತಿತು. ತಾನಾಗಿ ಮಾಡಲು ಈರಕ್ಕನಿಗೆ ಧೈರ್ಯ ಬರಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಪಂಚನಹಳ್ಳಿಗೆ ಹೋಗಿ, ಮೈದುನನ ಮಕ್ಕಳಿಗೆ ತನ್ನ ಪಾಲಿನ ಕಾಯಿ ಮಾರಬಾರದೆಂದು ಹೇಳಿ, ಟ್ರ್ಯಾಕ್ಟರಿನಲ್ಲಿ ತರಿಸಿ ಕೋಣೆಗೆ ಸೂರಿನವರೆಗೆ ತುಂಬಿಸಿದಳು. ಕೋಣೆ ಕೇಳಿ ಬಂದವರಿಗೆ ಬಾಗಿಲು ತೆಗೆದು ತೋರಿಸಿದರೆ ಸಾಕಾಯಿತು; ಮಾತು ಬೇಕಾಗಲಿಲ್ಲ.

ಕಾಯಿ ಒಣಗಿ ಕೊಬ್ಬರಿಯಾಗಲು ವರ್ಷ ಹಿಡಿಯಿತು. ಈಗ ಮಧ್ಯಾಹ್ನದ ಹೊತ್ತು ಅವಳು ಓಣಿಯಲ್ಲಿ ಮಣೆ ಹಾಕಿಕೊಂಡು ಕೂತು, ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಲೊಟಲೊಟ ಅಂದರೆ ಸುಲಿಯಲು ಒಂದು ಕಡೆಗೆ, ಸದ್ದಿಲ್ಲದ್ದು ಇನ್ನೂ ಒಣಗಲೆಂದು ಇನ್ನೊಂದು ಕಡೆಗೆ. ಸ್ಟೇಷನ್ನಿಗೆ ರೈಲು ಬಂದು ಕೂಗಿದಾಗ ಕಾಯಿಯ ಸದ್ದು ಕೇಳಿಸದೆ ಕೈ ತಡೆಯುತ್ತಾಳೆ. ಅದು ಹೋದ ಮೇಲೆ ಮತ್ತೊಂದು ಕಾಯಿ ಎತ್ತಿಕೊಳ್ಳುತ್ತಾಳೆ.