ಬನ್ಸಿ ರವೆಯ ಬಣ್ಣ

ಬನ್ಸಿ ರವೆ ಹುರಿಯುವಾಗ ಒಂದು ಗಳಿಗೆ ಬರುತ್ತದೆ. ಹಸಿ ವಾಸನೆ ಹೋಗಿ ಘಮ ಏಳುವ ಹೊತ್ತಿಗೆ ಬಾಣಲೆಯಲ್ಲಿ ಮರಳುಗಾಡಿನ ಬಣ್ಣ ಬಂದಿರುತ್ತದೆ. ಇನ್ನರ್ಧ ನಿಮಿಷ ಬಿಟ್ಟರೆ ಅದು ಬರೀ ಉಪ್ಪಿಟ್ಟಿನ ಬಣ್ಣ. ಇಂದು ಬೆಳಿಗ್ಗೆ ಒಬ್ಬನಿಗೆ ಸಾಕಾಗುವಷ್ಟು ರವೆ ಹುರಿಯುತ್ತಾ ಆ ಗಳಿಗೆಯಲ್ಲೇ ಒಲೆ ಆರಿಸಿ ನಿಂತುಬಿಟ್ಟೆ. ಎದುರುಮನೆಯ ರಿಸಾಲ್ದಾರರು ನೆನಪಾದರು...

ತೊಂಬತ್ತರ ದಶಕದಲ್ಲಿ ನಾವು ಹಲಸೂರಿನ ಒಂದೇ ಗಲ್ಲಿಯಲ್ಲಿದ್ದೆವು. ಸೇನೆಯಿಂದ ನಿವೃತ್ತರಾಗಿದ್ದ ಅವರನ್ನು ಸುಬೇದಾರ್ ಎಂದರೆ ಆಗುತ್ತಿರಲಿಲ್ಲ. "ಟ್ಯಾಂಕಿನವರಲ್ಲಿ ರಿಸಾಲ್ದಾರ್ ಅಂತಾರೆ, ತಂಬಿ" ಎಂದು ತಿದ್ದುತ್ತಿದ್ದರು. ಹಾಗಾಗಿ ನಾನು ವಾರಕ್ಕೊಮ್ಮೆಯಾದರೂ ಬೇಕೆಂದೇ ಸುಬೇದಾರ್ ಎನ್ನುತ್ತಿದ್ದೆ. ನಲವತ್ತು ದಾಟಿದ ಮೇಲೂ ಅವರ ಬೆಲ್ ಒತ್ತಿ ಓಡಿದ್ದೇನೆ. ಒಂಟಿ ಮನುಷ್ಯ. ಬೆಲ್ ಯಾರು ಒತ್ತಿದರೂ ಅವರಿಗೆ ಖುಷಿಯೇ ಆಗುತ್ತಿತ್ತೇನೋ.

ಅವರು ಆಟಿಕೆ ಕಿಟ್‌ನ ಬಿಡಿಭಾಗ ಅಂಟಿಸಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ಟ್ಯಾಂಕ್ ಜೋಡಿಸಿದ್ದರು. ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನಲ್ಲಿ ಅವರು ಹತ್ತಿ ಇಳಿದ ಗಾಡಿಯದೇ ಪಡಿಯಚ್ಚು. ಆ ಗಾಡಿಯ ಡ್ರೈವರ್ ಅಲ್ಲಿಂದ ಹಿಂದಿರುಗಲಿಲ್ಲ.

"ಅವನ ಗಾಡಿಗೆ ಸರಿಯಾದ ಬಣ್ಣ ಹಚ್ಚಿ ಅವನ ಫೋಟೋ ಮುಂದೆ ಇಡ್ಬೇಕು, ತಂಬಿ. ನನಗೆ ಇನ್ನೇನೂ ಕೆಲಸ ಇಲ್ಲ."

ಬಣ್ಣದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಫ್ಯಾಕ್ಟರಿಯ ಪೇಂಟಿಂಗ್ ವಿಭಾಗದಲ್ಲಿ ನಾನು ಶೇಡ್ ಕಾರ್ಡ್ ನೋಡುತ್ತಿರಲಿಲ್ಲ, ಶೇಡ್ ಕಾರ್ಡೇ ನನ್ನನ್ನು ನೋಡಿ ತಿದ್ದಿಕೊಳ್ಳುತ್ತಿತ್ತು. ಶಿವಾಜಿನಗರದಿಂದ ಎನಾಮೆಲ್ ತಂದು, ಹಳದಿಗೆ ಬಿಳಿ, ಚೂರು ಕಾವಿ, ಸೂಜಿಮೊನೆಯಷ್ಟು ಕಪ್ಪು ಬೆರೆಸಿ, ಹಳೇ ಮದುವೆ ಕಾರ್ಡಿನ ಹಿಂದೆ ಬಳಿದು ಒಯ್ಯುತ್ತಿದ್ದೆ. ಅವರು ಫಿಲ್ಮ್ ರೋಲಿನ ಪುಟ್ಟ ಡಬ್ಬಿಯಿಂದ ಆ ಮರಳುಗಾಡಿನಿಂದ ತಂದ ಒಂದು ಚಿಟಿಕೆ ಮರಳನ್ನು ಅಂಗೈಗೆ ಹಾಕಿಕೊಂಡು, ಕಾರ್ಡಿನ ಪಕ್ಕ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿ ಒಂದೇ ಮಾತು ಹೇಳುತ್ತಿದ್ದರು.

"ಅಲ್ಲ."

"ಕಿಟ್ ಡಬ್ಬದ ಮೇಲೆ ಇದೇ ಬಣ್ಣ ಇದೆಯಲ್ಲ ಸಾಹೇಬ್ರೇ!"

"ಅದು ಆಫ್ರಿಕಾ ಮರಳಿನ ಬಣ್ಣ. ಬೇರೆಯವರ ಯುದ್ಧ."

"ದೊಡ್ಡ ಗಾಡಿ ಬಣ್ಣ ಸಣ್ಣದಕ್ಕೆ ಹಾಗೇ ಹಚ್ಚಿದ್ರೆ ಕಪ್ಪಗೆ ಕಾಣತ್ತೆ ಅಂತ ಬಿಳಿ ಹಾಕಿದೀನಿ, ನೋಡಿ."

"ಜಾಸ್ತಿ ಆಯ್ತು. ಪೌಡರ್ ಬಳ್ಕೊಂಡು ಮದುವೆಗೆ ಹೊರಟಂಗಿದೆ."

ಹದಿನೇಳನೇ "ಅಲ್ಲ" ಕೇಳಿದ ದಿನ ನನ್ನ ಮಾನ ಹೋಯಿತು. ಮರುದಿನ ಅವರು ಕಾಫಿ ಮಾಡಲು ಒಳಗೆ ಹೋದಾಗ, ಡಬ್ಬಿಯ ಮರಳನ್ನು ಕಾಗದದ ಪೊಟ್ಟಣಕ್ಕೆ ಸುರಿದುಕೊಂಡು, ಹುರಿದ ಬನ್ಸಿ ರವೆ ತುಂಬಿಸಿಟ್ಟೆ. ರವೆಗೆ ಹೊಂದುವ ಬಣ್ಣ ಒಯ್ಯುವುದು, ಅವರು "ಹೌದು" ಎನ್ನುವುದು, ಆಮೇಲೆ ಗಲ್ಲಿಯವರ ಮುಂದೆ ಆ ಡಬ್ಬಿಯಿಂದಲೇ ಉಪ್ಪಿಟ್ಟು ಮಾಡಿ ತೋರಿಸುವುದು... ನನ್ನ ಕಿತಾಪತಿಗಳಲ್ಲೇ ಅದು ಪಟ್ಟದಾನೆಯಾಗಬೇಕಿತ್ತು.

ಮೂರನೇ ದಿನ ರವೆಗೆ ಹೊಂದಿಸಿದ ಕಾರ್ಡ್ ಹಿಡಿದು ಹೋದೆ. ಅವರು ಬಾಗಿಲಲ್ಲೇ ಕೂತಿದ್ದರು. ಗಡಿಬಿಡಿಯಲ್ಲಿ ನಾನು ಮುಚ್ಚಳ ಸರಿಯಾಗಿ ಒತ್ತಿರಲಿಲ್ಲ. ಡಬ್ಬಿಗೆ ಇರುವೆ ಸಾಲು ಹತ್ತಿತ್ತು.

"ಮರಳಿಗೆ ಇರುವೆ ಮುತ್ತಲ್ಲ, ತಂಬಿ."

ನಾನು ನಕ್ಕೆ. ಅವರು ನಗಲಿಲ್ಲ.

"ತಮಾಷೆ ಆಯ್ತಲ್ಲ, ಕೊಟ್ಬಿಡು ಈಗ. ಅದು ನನ್ನ ಡ್ರೈವರ್ ಬೂಟಿಂದ ಸುರಿದಿದ್ದು."

ಮನೆಗೆ ಓಡಿದೆ. ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ ಪೊಟ್ಟಣ ಇರಲಿಲ್ಲ.

"ಅದಾ? ರವೆ ಡಬ್ಬದ ಪಕ್ಕ ಯಾರ್ರೀ ಮಣ್ಣಿಡ್ತಾರೆ? ಪಾತ್ರೆ ಉಜ್ಜೋಕೆ ಹಾಕ್ಬಿಟ್ಟೆ" ಎಂದಳು ಹೆಂಡತಿ.

ಬಚ್ಚಲ ತೂಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿದೆ. ಸೋಪಿನ ನೊರೆ, ನಾಲ್ಕು ಅನ್ನದ ಅಗುಳು...

ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಕೈಯಲ್ಲಿದ್ದ ಕಾರ್ಡ್ ತೆಗೆದುಕೊಂಡು, ಬೆಳಕಿಗೆ ಹಿಡಿಯದೆ, ಹಾಗೇ ವಾಪಸ್ ಕೊಟ್ಟರು.

"ಇದನ್ನೇ ಹಚ್ಚು. ಇನ್ನು ಹೋಲ್ಸೋಕೆ ಏನಿದೆ? ನೀನು ಹಚ್ಚಿದ್ದೇ ಸರಿ."

ಹಚ್ಚಿದೆ. ಮೇಲಿನ ಹಸಿರು ಪಟ್ಟೆಗಳನ್ನು ಅವರೇ ಎಳೆದರು. ಫೋಟೋ ಮುಂದೆ ಇಟ್ಟೆವು. ಆಮೇಲೊಂದು ದಿನ ಬೇಕೆಂದೇ ಸುಬೇದಾರ್ ಎಂದು ಕರೆದು ನೋಡಿದೆ. ತಿದ್ದಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ತಂಗಿಯ ಮಗ ಫೋಟೋ, ಟ್ಯಾಂಕ್ ಎರಡನ್ನೂ ನನ್ನ ಕೈಗಿಟ್ಟ. "ಎದುರುಮನೆ ತಂಬಿಗೆ ಕೊಡು ಅಂದಿದ್ರು" ಎಂದ.

ಈಗ ಅವು ರಾಮಮೂರ್ತಿ ನಗರದ ನನ್ನ ಬಾಡಿಗೆ ಮನೆಯ ಕಪಾಟಿನಲ್ಲಿವೆ. ಇಲ್ಲಿ ಯಾರ ಬೆಲ್ ಒತ್ತಿ ಓಡಲಿ? ಮೊಣಕಾಲು ಒಪ್ಪುವುದಿಲ್ಲ. ಬೈಯಲು ಹೆಂಡತಿಯೂ ಇಲ್ಲ.

ಬಾಣಲೆಯಿಂದ ಒಂದು ಚಿಟಿಕೆ ರವೆ ಅಂಗೈಗೆ ಹಾಕಿಕೊಂಡು, ಟ್ಯಾಂಕಿನ ಪಕ್ಕ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೇಳಿದೆನಲ್ಲ, ಬಣ್ಣದಲ್ಲಿ ನನ್ನನ್ನು ಮೀರಿಸುವವರಿಲ್ಲ.

"ಅಲ್ಲ" ಎನ್ನುವವರು ಯಾರಾದರೂ ಇದ್ದಾರೇನೋ ಎಂದು ತುಂಬ ಹೊತ್ತು ಹಾಗೇ ನಿಂತಿದ್ದೆ.